ಎಲೆಯ ತುದಿಯ ಉಪ್ಪು



ನಮ್ಮ ಧರ್ಮಕೇಂದ್ರದ ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಊಟ ಬಡಿಸುವ ಕೆಲಸ ಯುವಜನರಾದ ನಮ್ಮದು. ಬಾಳೆಎಲೆ ಹಾಸಿ ನೀರು ಚಿಮುಕಿಸಿದ ಕೂಡಲೇ ಮೊದಲು ಬರುವುದು ಉಪ್ಪು. ಎಲೆಯ ತುದಿಗೆ ಒಂದು ಚಿಟಿಕೆ. ಅದರ ಪಕ್ಕಕ್ಕೆ ಉಪ್ಪಿನಕಾಯಿ, ಆಮೇಲೆ ಪಲ್ಯ, ಅಪ್ಪಳ, ಅನ್ನ, ಕೋಳಿ ಸಾರು, ರಸಂ, ಕೊನೆಗೆ ಮಜ್ಜಿಗೆ. ಯಾರೂ ನಮಗೆ ಹೇಳಿಕೊಟ್ಟದ್ದಲ್ಲ. ನಮ್ಮ ಅಣ್ಣಂದಿರು ಹೀಗೆ ಬಡಿಸಿದರು, ನಾವೂ ಹೀಗೆ ಬಡಿಸುತ್ತೇವೆ.

ಕಳೆದ ಹಬ್ಬದಲ್ಲಿ ನಮ್ಮಲ್ಲೊಬ್ಬ ಉಪ್ಪಿನ ಬಟ್ಟಲು ಹಿಡಿದು ಸಾಲಿನಲ್ಲಿ ಹೋಗುತ್ತಿದ್ದ. ಒಂದು ಎಲೆಯ ಮುಂದೆ ಹಿರಿಯರೊಬ್ಬರು ಕೂತಿದ್ದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಈಗ ಬಲಗೈ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ಪಕ್ಕದಲ್ಲಿ ಕೂತ ಅವರ ಹೆಂಡತಿ ಅನ್ನ ಕಲಸಿ ತುತ್ತು ಕೊಡುತ್ತಾರೆ. ಹುಡುಗ ಎಲ್ಲರಿಗೂ ಹಾಕಿದಂತೆ ಅವರ ಎಲೆಗೂ ಉಪ್ಪು ಹಾಕಿದ. ಆ ತಾಯಿ ಏನೂ ಸಿಟ್ಟಾಗಲಿಲ್ಲ. ಬೆರಳಿನಿಂದ ಆ ಉಪ್ಪನ್ನು ಸವರಿ ನೆಲಕ್ಕೆ ಹಾಕಿ, "ಇವರಿಗೆ ಇದು ಬೇಡ ಕಣಪ್ಪ. ಮೊದಲೇ ಯಾರಾದ್ರೂ ಬೇಡ ಅಂದಿದ್ರೆ ಚೆನ್ನಾಗಿತ್ತು" ಅಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಆ ಹಿರಿಯರಿಗೆ ಬಂದ ಲಕ್ವಕ್ಕೆ ಉಪ್ಪೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ, ಯಾವ ಡಾಕ್ಟರೂ ಹಾಗೆ ಹೇಳುವುದಿಲ್ಲ. ಬಿಪಿ ಇದೆ ಎಂದು ಗೊತ್ತಾದ ಮೇಲೂ ಅವರು ಮಾತ್ರೆ ನಿಲ್ಲಿಸಿದ್ದರು, ಬೀಡಿ ಇತ್ತು, ನಿದ್ದೆ ಇರಲಿಲ್ಲ. ಆದರೂ ಅವರ ಹೆಂಡತಿ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಮೊದಲೇ ಯಾರಾದರೂ ಯಾಕೆ ಹೇಳಲಿಲ್ಲ? ನಾವೇ ಯಾಕೆ ಹೇಳಲಿಲ್ಲ? ನಮ್ಮಲ್ಲಿ ಬಿಎಸ್ಸಿ ಓದಿದವರಿದ್ದೇವೆ. ಸೋಡಿಯಂ ಕ್ಲೋರೈಡ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 40 ಭಾಗ ಸೋಡಿಯಂ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವರು. ಮನೆಯ ಉಪ್ಪಿನ ಡಬ್ಬಿಯನ್ನು ಮಾತ್ರ ಒಂದು ದಿನವೂ ಆ ಕಣ್ಣಿನಿಂದ ನೋಡಿರಲಿಲ್ಲ.

ತೊಪ್ಪೂರಿನವರಿಗೆ ಬಿಪಿ ಎಂದರೇನು ಎಂದು ವಿವರಿಸುವುದು ಕಷ್ಟವಲ್ಲ. ನಮ್ಮ ಘಾಟಿ ಇದೆಯಲ್ಲ. ಧರ್ಮಪುರಿ ಕಡೆಯಿಂದ ಸೇಲಂ ಕಡೆಗೆ ಇಳಿಯುವ ಲಾರಿ, ಡೀಸೆಲ್ ಉಳಿಸಬೇಕೆಂದು ಗಿಯರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಮೊದಮೊದಲು ಏನೂ ಆಗುವುದಿಲ್ಲ. ಸಲೀಸಾಗಿ ಇಳಿಯುತ್ತದೆ, ಡ್ರೈವರಿಗೂ ಹಾಯಾಗಿರುತ್ತದೆ. ಬ್ರೇಕ್ ಬಿಸಿಯಾಗುತ್ತಿರುವುದು ಒಳಗಡೆ. ಕೊನೆಯ ತಿರುವಿನಲ್ಲಿ ಬ್ರೇಕ್ ಹಿಡಿಯದಿದ್ದಾಗ ಮಾತ್ರ ಗೊತ್ತಾಗುತ್ತದೆ, ಆಗ ಮುಂದಿರುವ ಕಾರಿನವರಿಗೂ ಸೇರಿ ಗೊತ್ತಾಗುತ್ತದೆ. ರಕ್ತದೊತ್ತಡವೂ ಹಾಗೆಯೇ. ಹೆಚ್ಚಿನವರಿಗೆ ತಲೆನೋವೂ ಇರುವುದಿಲ್ಲ, ತಲೆಸುತ್ತೂ ಇರುವುದಿಲ್ಲ. ನಾವು ತಿಂದ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳಲ್ಲಿ ಹರಿಯುವ ಪ್ರಮಾಣ ಹೆಚ್ಚುತ್ತದೆ, ನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಹೆಚ್ಚಿನ ಸೋಡಿಯಂ ಹೊರಹಾಕುವ ಕೆಲಸ ಮೂತ್ರಪಿಂಡದ್ದು. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯ, ಮೆದುಳು, ಮೂತ್ರಪಿಂಡ ಮೂರಕ್ಕೂ ಪೆಟ್ಟು. ಅಳತೆ 140/90 ದಾಟಿದೆಯೇ ಎಂದು ತಿಳಿಯಲು ಪಟ್ಟಿ ಕಟ್ಟಿ ನೋಡುವುದೊಂದೇ ದಾರಿ.

ಎಷ್ಟು ಉಪ್ಪು ತಿನ್ನಬಹುದು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಇದು ಅಡುಗೆಗೆ ಹಾಕುವ ಉಪ್ಪು ಮಾತ್ರವಲ್ಲ, ಉಪ್ಪಿನಕಾಯಿ, ಬಿಸ್ಕತ್ತು, ಬ್ರೆಡ್ಡು, ಮಿಕ್ಸ್ಚರ್ ಎಲ್ಲ ಸೇರಿ. ನಾವು ತಿನ್ನುತ್ತಿರುವುದೆಷ್ಟು? 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂತ್ರದ ಮಾದರಿ ತೆಗೆದುಕೊಂಡು ಲೆಕ್ಕ ಹಾಕಿದಾಗ ನಮ್ಮ ದೇಶದ ಸರಾಸರಿ ದಿನಕ್ಕೆ 8 ಗ್ರಾಂ ಬಂತು. ಗಂಡಸರಿಗೆ 8.9, ಹೆಂಗಸರಿಗೆ 7.1. ಆ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಇನ್ನೊಂದು ಕಡೆ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶೇ. 21.3, ಗಂಡಸರಲ್ಲಿ ಶೇ. 24 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಭಾನುವಾರ ದೇವಾಲಯದಲ್ಲಿ ನಾಲ್ಕೈದು ದೊಡ್ಡವರು ಒಂದು ಬೆಂಚಿನಲ್ಲಿ ಕೂತರೆ ಅವರಲ್ಲಿ ಒಬ್ಬರು ಎಂದು ಲೆಕ್ಕ ಇಟ್ಟುಕೊಳ್ಳಿ.

"ನಮ್ಮ ಮನೆಯಲ್ಲಿ ಉಪ್ಪು ಜಾಸ್ತಿ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ನಾವೂ ಹೇಳಿದ್ದೆವು. ಹಾಗಾಗಿ ಒಂದು ಸುಲಭ ಪರೀಕ್ಷೆ ಮಾಡಿದೆವು, ನೀವೂ ಮಾಡಿ. ಹೊಸ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಮನೆಯಲ್ಲಿ ನಾಲ್ಕು ದೊಡ್ಡವರಿದ್ದರೆ, ತಲೆಗೆ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ, ಅಂದರೆ ಆ ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ಆಯಿತು. ಅಕ್ಕಿ ತೊಳೆಯಲು, ಮೀನು ಉಜ್ಜಲು ಒಂದಿಷ್ಟು ಹೋಗುತ್ತದೆ, ನಿಜ. ಆದರೆ ಅಂಗಡಿಯಿಂದ ತಂದು ತಿಂದದ್ದು ಈ ಪ್ಯಾಕೆಟ್ಟಿನಲ್ಲಿ ಇಲ್ಲ ಎಂಬುದೂ ನಿಜ. ನಮ್ಮ ಮನೆಗಳಲ್ಲಿ ಈ ತಾರೀಖಿನ ಆಟ ಶುರುವಾದಾಗ ಅಮ್ಮಂದಿರು ನಕ್ಕರು. ಪ್ಯಾಕೆಟ್ ಖಾಲಿಯಾದ ದಿನ ಯಾರೂ ನಗಲಿಲ್ಲ.

ಉಪ್ಪು ಎಲ್ಲಿಂದ ಬರುತ್ತದೆ ಎಂದು ಹುಡುಕಿದಾಗ ನಮಗೆ ಅಚ್ಚರಿಯಾದದ್ದು ಸಾರಲ್ಲ, ಸಾರಿನ ಸುತ್ತ ಇರುವುದು. ಮನೆಯಲ್ಲಿ ಒಂದು ಕಿಲೋ ಮಾವಿನಕಾಯಿಗೆ ಸುಮಾರು 200 ಗ್ರಾಂ ಕಲ್ಲುಪ್ಪು ಹಾಕುತ್ತಾರೆ. ಎಣ್ಣೆ, ಖಾರ ಎಲ್ಲ ಸೇರಿ ಒಂದೂವರೆ ಕಿಲೋ ಉಪ್ಪಿನಕಾಯಿ ಆಯಿತು ಎನ್ನಿ. ಊಟಕ್ಕೆ ಒಂದು ದೊಡ್ಡ ಚಮಚ ಹಾಕಿಕೊಂಡರೆ ಸುಮಾರು 2 ಗ್ರಾಂ ಉಪ್ಪು ಅಲ್ಲೇ ಬಂತು. ದಿನದ ಪಾಲಿನಲ್ಲಿ ಹೆಚ್ಚುಕಡಿಮೆ ಅರ್ಧ. ಅಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಕರುವಾಡು ಇವೆಲ್ಲ ಕೆಡದೆ ಉಳಿಯುವುದೇ ಉಪ್ಪಿನಿಂದ. ಕೂಳಿಗೆ ನಂಚಿಕೊಳ್ಳಲು ಒಂದು, ಮೊಸರನ್ನಕ್ಕೆ ಒಂದು. ಸಂಜೆ ಟ್ಯೂಷನ್ ಬಿಟ್ಟ ಮೇಲೆ ಹುಡುಗರ ಕೈಯಲ್ಲಿ ಚಿಪ್ಸ್ ಪ್ಯಾಕೆಟ್. ಹೆದ್ದಾರಿಯ ಅಂಗಡಿಯಲ್ಲಿ ಪರೋಟ ಸಾಲ್ನಾ, ಬಿಸಿಲಿಗೆ ಉಪ್ಪು ಸೋಡಾ.

ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 100 ಗ್ರಾಂನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಹತ್ತನೇ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ.

ಇಲ್ಲಿ ನಮ್ಮ ಮೇಲೆ ನಾವೇ ಒಂದು ಮಾತು ಹೇಳಿಕೊಳ್ಳಬೇಕು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಮಾಂಸ ಮುಟ್ಟುವುದಿಲ್ಲ. ಮೀನು ತಿನ್ನಬಹುದು. ಹಸಿ ಮೀನು ಸಿಗದಿದ್ದರೆ ಕರುವಾಡಿನ ಗೊಜ್ಜು! ತ್ಯಾಗದ ದಿನವೇ ವಾರದಲ್ಲೆಲ್ಲ ಹೆಚ್ಚು ಉಪ್ಪು ಒಳಗೆ ಹೋಗುವ ಮನೆಗಳಿವೆ. ಕರುವಾಡು ಬಡವರ ಆಹಾರ, ಅದನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಎರಡು ಮೂರು ನೀರಿನಲ್ಲಿ ನೆನೆಸಿ ತೊಳೆದು, ಸಾರಿಗೆ ಬೇರೆ ಉಪ್ಪು ಹಾಕದೆ ಮಾಡಿದರೆ ರುಚಿ ಏನೂ ಹೋಗುವುದಿಲ್ಲ. ನಾವು ಹೇಳುವುದು ಇಷ್ಟೇ: ಉಪವಾಸ ಎಂದರೆ ನಾಲಿಗೆಗೂ ಸ್ವಲ್ಪ ಇರಲಿ.

ಹಿರಿಯರು ಕೇಳುವ ಪ್ರಶ್ನೆಗಳನ್ನು ನಾವು ತಳ್ಳಿಹಾಕುವುದಿಲ್ಲ. ಮೊದಲನೆಯದು, "ಬಿಸಿಲಲ್ಲಿ ಬೆವರು ಸುರಿಸಿ ದುಡಿಯೋರಿಗೆ ಉಪ್ಪು ಬೇಡವೇನಪ್ಪ?" ಬೇಕು. ಉಪ್ಪಿಲ್ಲದೆ ದೇಹ ನಡೆಯುವುದಿಲ್ಲ. ಆದರೆ ಬಿಸಿಲಿನ ಕೆಲಸಕ್ಕೆ ಒಗ್ಗಿದ ದೇಹ ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ, ಉಳಿಸಿಕೊಳ್ಳಲು ಕಲಿಯುತ್ತದೆ. ದಿನಕ್ಕೆ 8 ಗ್ರಾಂ ತಿನ್ನುವ ನಮಗೆ ಸಾಮಾನ್ಯವಾಗಿ ಬೇಕಾಗುವುದು ನೀರು. ವಾಂತಿಭೇದಿಯಾದಾಗ ಒಆರ್‌ಎಸ್ ಕುಡಿಯುವುದು ಬೇರೆ ವಿಷಯ, ಅದನ್ನು ಇದರ ಜೊತೆ ಬೆರೆಸಬೇಡಿ. ದಿನವಿಡೀ ಸುಡುಬಿಸಿಲಿನಲ್ಲಿ ದುಡಿಯುವವರು, ಬೇರೆ ಕಾಯಿಲೆ ಇರುವವರು ಡಾಕ್ಟರ ಮಾತು ಕೇಳಿ ಅಳತೆ ಇಟ್ಟುಕೊಳ್ಳಲಿ.

ಎರಡನೆಯದು, "ನಾವು ಪುಡಿ ಉಪ್ಪು ಹಾಕಲ್ಲ, ಕಲ್ಲುಪ್ಪು ಹಾಕ್ತೀವಿ. ಇಂದುಪ್ಪು ಒಳ್ಳೇದಂತೆ." ಬಣ್ಣ ಬಿಳಿಯಾಗಲಿ ಗುಲಾಬಿಯಾಗಲಿ, ಹರಳಾಗಲಿ ಪುಡಿಯಾಗಲಿ, ಇವೆಲ್ಲದರಲ್ಲಿ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡೇ. ಅಯೋಡಿನ್ ಬೆರೆಸದ ಕಲ್ಲುಪ್ಪಾದರೆ ಇನ್ನೊಂದು ನಷ್ಟ, ಗರ್ಭಿಣಿಯರಿಗೂ ಮಕ್ಕಳಿಗೂ ಅಯೋಡಿನ್ ಬೇಕೇ ಬೇಕು. ಉಪ್ಪು ಕಡಿಮೆ ಮಾಡಿ, ಆದರೆ ಹಾಕುವ ಉಪ್ಪು ಅಯೋಡಿನ್ ಇರುವುದೇ ಆಗಲಿ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. "ರುಚಿಯಿಲ್ಲದೆ ಹೆಂಗೆ ತಿನ್ನೋದು?" ನಮ್ಮ ಮನೆಗಳಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎರಡು ಭಾಷೆಯ ಗಾದೆಗಳೂ ಉಪ್ಪಿನ ಪರವೇ! ಉಪ್ಪಿಗಿಂತ ರುಚಿಯಿಲ್ಲ ಎಂದು ಅಜ್ಜಿ ಹೇಳಿದರೆ, ಉಪ್ಪಿಲ್ಲದ ತಿಂಡಿಯ ಜಾಗ ಕಸದ ತಿಪ್ಪೆ ಎಂದು ಪಕ್ಕದ ಮನೆಯ ಪಾಟಿ ತಮಿಳಿನಲ್ಲಿ ಹೇಳುತ್ತಾರೆ. ಆದರೆ ನಾಲಿಗೆ ಕಲಿಯುತ್ತದೆ. ಒಮ್ಮೆಲೇ ಅರ್ಧ ಮಾಡಿದರೆ ಮನೆಯಲ್ಲಿ ಜಗಳ ಖಂಡಿತ. ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರೆ ಕೆಲವು ವಾರಗಳಲ್ಲಿ ಹಳೆಯ ಸಾರೇ ಉಪ್ಪುಪ್ಪು ಅನಿಸುತ್ತದೆ. ಬ್ರಿಟನ್ನಿನಲ್ಲಿ ಹೀಗೆಯೇ ಮಾಡಿದರು. ಬ್ರೆಡ್ಡು ಮುಂತಾದ ಕಂಪನಿ ಆಹಾರಗಳಲ್ಲಿ ವರ್ಷ ವರ್ಷ ಸ್ವಲ್ಪ ಇಳಿಸುತ್ತಾ ಹೋಗಿ, 2001ರ ಸುಮಾರಿಗೆ ದಿನಕ್ಕೆ 9.5 ಗ್ರಾಂ ಇದ್ದ ಸರಾಸರಿ 2011ರ ಹೊತ್ತಿಗೆ 8.1ಕ್ಕೆ ಬಂತು. ತಿನ್ನುವವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಕೈಯಲ್ಲಂತೂ ಬೆಳ್ಳುಳ್ಳಿ, ಮೆಣಸು, ಜೀರಿಗೆ, ನಿಂಬೆ, ಕೊತ್ತಂಬರಿ ಇವೆ. ರಾಗಿ ಹಿಟ್ಟು, ನುಗ್ಗೆಸೊಪ್ಪು, ಬಾಳೆಹಣ್ಣು ನಮ್ಮ ನೆಲದವು. ಇವುಗಳಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಮಾಡುವ ಹಾನಿಗೆ ಎದುರು ನಿಲ್ಲುತ್ತದೆ.

ಪೊಟ್ಯಾಸಿಯಂ ಬೆರೆಸಿದ, ಸೋಡಿಯಂ ಕಡಿಮೆ ಇರುವ ಉಪ್ಪೂ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14 ಕಡಿಮೆಯಾಗಿತ್ತು. ನಮ್ಮ ರಾಜ್ಯದಲ್ಲೂ 2014ರಲ್ಲಿ ತಮಿಳುನಾಡು ಉಪ್ಪು ನಿಗಮ 'ಅಮ್ಮ ಉಪ್ಪು' ಎಂಬ ಹೆಸರಿನಲ್ಲಿ ಮೂರು ಬಗೆಯ ಉಪ್ಪು ತಂದಾಗ ಅದರಲ್ಲೊಂದು ಸೋಡಿಯಂ ಕಡಿಮೆ ಇರುವುದು. ಆದರೆ ಒಂದು ಎಚ್ಚರ. ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿಪಿ ಮತ್ತು ಹೃದಯದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಈ ಉಪ್ಪು ಅಪಾಯವಾಗಬಹುದು. ಡಾಕ್ಟರನ್ನು ಕೇಳದೆ ಅವರು ಇದನ್ನು ಮುಟ್ಟಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ಇದು ಹೇಳಿದ್ದಲ್ಲ ಎಂದು 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಯಲ್ಲಿದೆ.

ಉಪ್ಪಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ಒಂದು ಹಳೆಯ ನಂಟೂ ಇದೆ. ಸೇಲಂನಲ್ಲಿ ವಕೀಲಿಕೆ ಮಾಡಿ, ಅಲ್ಲಿಯ ಪುರಸಭೆಯ ಅಧ್ಯಕ್ಷರೂ ಆಗಿದ್ದ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು 1930ರ ಏಪ್ರಿಲ್ 13ರಂದು ತಿರುಚ್ಚಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ಹೊರಟರು. ಅದೇ ದಿನ ಕನ್ನಡ ನಾಡಿನ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು. ಬಡವನ ಗಂಜಿಗೂ ತೆರಿಗೆ ಹಾಕಿದ್ದರು ಎಂಬ ಸಿಟ್ಟು ಅದು. ಅಂದು ಉಪ್ಪು ಎಲ್ಲರಿಗೂ ಸಿಗಬೇಕೆಂದು ಹಿರಿಯರು ಜೈಲಿಗೆ ಹೋದರು. ಇಂದು ಉಪ್ಪು ಅಗ್ಗ, ಎಲ್ಲರಿಗೂ ಸಿಗುತ್ತದೆ. ಹಾಗಾಗಿ ಅದರ ಬೆಲೆಯನ್ನು ಅಂಗಡಿಯಲ್ಲಿ ಕೊಡುವುದಿಲ್ಲ, ಆಸ್ಪತ್ರೆಯಲ್ಲಿ ಕೊಡುತ್ತೇವೆ. ಲಕ್ವ ಹೊಡೆದ ಮನೆಯಲ್ಲಿ ಒಬ್ಬರ ದುಡಿಮೆ ನಿಲ್ಲುತ್ತದೆ, ನೋಡಿಕೊಳ್ಳಲು ಕೂತ ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ. ಕೆಲವು ಕಡೆ ಮಗಳ ಕಾಲೇಜೂ ನಿಲ್ಲುತ್ತದೆ. ಬಡವನ ಮೇಲಿನ ತೆರಿಗೆ ಬೇರೆ ರೂಪದಲ್ಲಿ ಈಗಲೂ ಇದೆ ಎಂದು ನಮಗೆ ಅನಿಸುತ್ತದೆ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಉಪ್ಪಿನ ಬಗ್ಗೆ ಎಲ್ಲಿ ಮಾತು ಬಂದರೂ ಅದು ಕೊನೆಗೆ ಅಡುಗೆ ಮಾಡುವ ಅಮ್ಮನ ತಲೆಗೆ ಬೀಳುತ್ತದೆ. "ನೀನೇ ಕಮ್ಮಿ ಹಾಕು." ಅದೇ ಅಮ್ಮ ಕಮ್ಮಿ ಹಾಕಿದ ದಿನ ತಟ್ಟೆ ತಳ್ಳುವವರು ಯಾರು? ನಾವೇ. ಅಪ್ಪ ಮಾತಾಡದೆ ಉಪ್ಪಿನಕಾಯಿ ಜಾಡಿ ಎಳೆದುಕೊಳ್ಳುತ್ತಾರೆ, ಅಣ್ಣ ಹೊರಗೆ ಹೋಗಿ ಪರೋಟ ತಿಂದು ಬರುತ್ತಾನೆ. ಒಂದು ಮನೆಯ ಒಬ್ಬ ಹೆಂಗಸಿನಿಂದ ಇದು ಆಗುವುದಿಲ್ಲ. ರುಚಿ ಎಂಬುದು ಊರಿನದು. ಹಬ್ಬದ ಊಟ, ಮದುವೆ ಊಟ, ತಿಥಿ ಊಟದಲ್ಲಿ ಯಾವ ರುಚಿ ಇರುತ್ತದೋ ಅದೇ ಸರಿಯಾದ ರುಚಿ ಎಂದು ಮಕ್ಕಳು ಕಲಿಯುತ್ತಾರೆ. ಆದ್ದರಿಂದ ಶುರುವಾಗಬೇಕಾದದ್ದು ಮನೆಯ ಒಲೆಯಿಂದಲ್ಲ, ನಾವೆಲ್ಲ ಸೇರಿ ಉಣ್ಣುವ ದೊಡ್ಡ ಪಾತ್ರೆಯಿಂದ. ಆ ಪಾತ್ರೆಯ ಮುಂದೆ ಸೌಟು ಹಿಡಿದು ನಿಲ್ಲುವವರು ಯುವಜನರಾದ ನಾವು.

ಹಾಗಾಗಿ ನಮ್ಮ ಗುರುಗಳ ಮುಂದೆಯೂ ಹಿರಿಯರ ಮುಂದೆಯೂ ನಾಲ್ಕು ಮಾತು ಇಟ್ಟಿದ್ದೇವೆ. ಇಲ್ಲಿಯೂ ಬರೆಯುತ್ತೇವೆ, ತಪ್ಪಿದರೆ ನೀವು ಕೇಳಬಹುದು.

ಒಂದು, ಮುಂದಿನ ಹಬ್ಬದ ಊಟದಲ್ಲಿ ಎಲೆಗೆ ಉಪ್ಪು ತಾನಾಗಿ ಬರುವುದಿಲ್ಲ. ಕೇಳಿದವರಿಗೆ ಖಂಡಿತ ಕೊಡುತ್ತೇವೆ, ಮುಖ ಸಿಂಡರಿಸದೆ ಕೊಡುತ್ತೇವೆ. ಉಪ್ಪಿನಕಾಯಿಯೂ ಹಾಗೆಯೇ.

ಎರಡು, ಅಡುಗೆಯ ಅಣ್ಣಂದಿರು ಹಿಡಿ ಲೆಕ್ಕದಲ್ಲಿ ಹಾಕುವ ಉಪ್ಪನ್ನು ಈ ಸಲ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇವೆ. ಮೊದಲ ವರ್ಷ ತೂಗುವುದು ಮಾತ್ರ. ಆಮೇಲೆ ವರ್ಷಕ್ಕೆ ಸ್ವಲ್ಪ ಇಳಿಸೋಣ.

ಮೂರು, ತಿಂಗಳಿಗೊಂದು ಭಾನುವಾರ ಬಲಿಪೂಜೆ ಆದ ಮೇಲೆ ಬಿಪಿ ನೋಡುವ ಮೇಜು ಹಾಕುತ್ತೇವೆ. ಆ ಮೇಜಿನ ಪಕ್ಕದಲ್ಲಿ ಮಿಕ್ಸ್ಚರ್ ತಟ್ಟೆ ಇಡುವುದಿಲ್ಲ. ಹಿಂದೊಮ್ಮೆ ಶಿಬಿರ ಮಾಡಿ ಅದನ್ನೇ ಹಂಚಿದವರು ನಾವೇ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಅಳತೆ ಹೆಚ್ಚು ಬಂದವರನ್ನು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇವೆ. ಮನೆಬಾಗಿಲಿಗೇ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುವಾದದ್ದೇ ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಹತ್ತಿರವಿರುವ ಸೌಲಭ್ಯ ಕೇಳಿ ಪಡೆಯೋಣ. ಮಾತ್ರೆ ತಿನ್ನುವವರು ಉಪ್ಪು ಕಡಿಮೆ ಮಾಡಿದೆವೆಂದು ಮಾತ್ರೆ ನಿಲ್ಲಿಸಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ಅಂಟಿಸುತ್ತೇವೆ.

ನಾಲ್ಕು, ಮುಂದಿನ ತಪಸ್ಸುಕಾಲದ ನಲವತ್ತು ದಿನ ನಾವು ಯುವಜನರು ಊಟದ ಮೇಲೆ ಉಪ್ಪು ಉದುರಿಸಿಕೊಳ್ಳುವುದಿಲ್ಲ, ಪ್ಯಾಕೆಟ್ ಚಿಪ್ಸ್ ತಿನ್ನುವುದಿಲ್ಲ. ಉಳಿದ ಹಣ ಹಾಸಿಗೆ ಹಿಡಿದವರ ಮನೆಗೆ. ನಾಲಿಗೆ ಬದಲಾಗಲು ನಲವತ್ತು ದಿನ ಒಳ್ಳೆಯ ಆರಂಭ.

ಬೆಟ್ಟದ ಮೇಲಿನ ಬೋಧನೆಯಲ್ಲಿ ಪ್ರಭು ಯೇಸು ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದರು. ಹಿಂದಿನ ಕಾಲದ ಲತೀನ್ ವಿಧಿಯಲ್ಲಿ ಜ್ಞಾನಸ್ನಾನ ಪಡೆಯುವ ಮಗುವಿನ ನಾಲಿಗೆಗೆ ಒಂದು ಹರಳು ಉಪ್ಪು ಇಡುತ್ತಿದ್ದರಂತೆ, ನಮ್ಮ ಅಜ್ಜಿಯರು ನೆನೆಯುತ್ತಾರೆ. ಒಂದೇ ಹರಳು! ಉಪ್ಪಿನ ಗುಣವೇ ಅದು, ಸ್ವಲ್ಪದರಲ್ಲಿ ಕೆಲಸ ಮಾಡುವುದು. ಅದು ಹೆಚ್ಚಾದರೆ ಅಡುಗೆಯೂ ಕೆಡುತ್ತದೆ, ಆಳೂ ಕೆಡುತ್ತಾನೆ.

ಆ ತಾಯಿ ಹಬ್ಬದ ಮರುವಾರವೂ ಬಲಿಪೂಜೆಗೆ ಬಂದಿದ್ದರು, ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು. ಉಪ್ಪು ಬಡಿಸಿದ ಹುಡುಗ ಓಡಿಹೋಗಿ ಅವರನ್ನು ಇಳಿಸಲು ಕೈ ಕೊಟ್ಟ. "ಮುಂದಿನ ಹಬ್ಬಕ್ಕೆ ನಿಮ್ಮ ಎಲೆಗೆ ಹಾಕಲ್ಲ ದೊಡ್ಡಮ್ಮ" ಅಂದ. ಅವರು ನಕ್ಕು, "ನಿಮ್ಮಪ್ಪನ ಎಲೆಗೂ ಹಾಕ್ಬೇಡ" ಅಂದರು.

ಸ್ನೇಹಿತರೇ, ಇವತ್ತೇ ನಿಮ್ಮ ಮನೆಯ ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯಿರಿ. ಐವತ್ತು ದಿನಗಳಾದ ಮೇಲೆ ಅದರಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿ ನಮಗೆ ಹೇಳಿ.